ಕನ್ನಡಕ ಹಾಕಿದರೆ ಮಕ್ಕಳ ಕಣ್ಣಿನ ನಂಬರ್ ಏರುತ್ತದೆಯೇ?

ಒಂಬತ್ತನೇ ತರಗತಿಯ ಮಗಳಿಗೆ ಬೋರ್ಡ್ ಸರಿಯಾಗಿ ಕಾಣುತ್ತಿಲ್ಲ, ಕನ್ನಡಕ ಹಾಕಿಸಿದರೆ ನಂಬರ್ ಏರುತ್ತದೆಯೇ ಎಂದು ಉಡುಪಿಯಿಂದ ಕೇಳಿದ್ದೀರಿ. ಇಲ್ಲ. ನಿಮ್ಮ ಮಗಳಿಗೆ ಪುಸ್ತಕ ಸ್ಪಷ್ಟ, ಬೋರ್ಡ್ ಮಸುಕು ಎಂದರೆ ಅದು ಬಹುತೇಕ ಸಮೀಪದೃಷ್ಟಿ. ಕಣ್ಣುಗುಡ್ಡೆ ಉದ್ದವಾಗಿ ಬೆಳೆದು ದೂರದ ಬಿಂಬ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮುಂದೆಯೇ ಬೀಳುತ್ತದೆ; ಮೈನಸ್ ಲೆನ್ಸ್ ಅದನ್ನು ಹಿಂದಕ್ಕೆ ಸರಿಸುತ್ತದೆ, ಅಷ್ಟೇ. ಬೆಳೆಯುವ ವಯಸ್ಸಿನಲ್ಲಿ ಗುಡ್ಡೆಯೂ ಬೆಳೆಯುವುದರಿಂದ ನಂಬರ್ ಏರುತ್ತದೆ, ಬೈಗುಳ ಮಾತ್ರ ಕನ್ನಡಕಕ್ಕೆ! ಬೇಕೆಂದೇ ಕಡಿಮೆ ನಂಬರ್ ಹಾಕಿಸಿದರೂ ಈ ಏರಿಕೆ ನಿಲ್ಲದು.

ದಿನಕ್ಕೆ ಸುಮಾರು 2 ಗಂಟೆ ಹಗಲು ಬೆಳಕಿನಲ್ಲಿ ಆಡುವ ಮಕ್ಕಳಿಗೆ ಈ ತೊಂದರೆ ಬರುವ ಸಾಧ್ಯತೆ ಕಡಿಮೆ. ಉಡುಪಿಯ ಮಳೆಗಾಲದಲ್ಲಿ ಅದು ಕಷ್ಟವೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹೊಳವಾದಾಗಲೆಲ್ಲ ಹೊರಗೆ ಕಳಿಸಿ. ಮೊದಲ ತಪಾಸಣೆ ಕಣ್ಣಿನ ಸ್ನಾಯು ಸಡಿಲಿಸುವ ಡ್ರಾಪ್ಸ್ ಹಾಕಿಯೇ ಆಗಲಿ, ಇಲ್ಲದಿದ್ದರೆ ಮೈನಸ್ ಹೆಚ್ಚಾಗಿ ತೋರಿಸಬಹುದು. ಅದಕ್ಕೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೇ ವಿಚಾರಿಸಿ. ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ ತೋರಿಸಿ.