‘ಗ್ರೇಟ್ ಎಸ್ಕೇಪ್’ ಸಿನಿಮಾದಲ್ಲಿ ತೋರಿಸಿದಂತೆಯೇ ನಡೆದಿತ್ತಾ?

ಸುರಂಗ ನಿಜ, ಬೈಕ್ ಸಾಹಸ ಸುಳ್ಳು.

1944ರ ಮಾರ್ಚ್ 24ರ ರಾತ್ರಿ, ಜರ್ಮನರ ಸ್ಟಾಲಾಗ್ ಲುಫ್ಟ್ 3 ಎಂಬ ಯುದ್ಧಕೈದಿಗಳ ಶಿಬಿರದಿಂದ 76 ವಾಯುಪಡೆ ಕೈದಿಗಳು ಸುರಂಗದ ಮೂಲಕ ಹೊರಬಂದರು. ಆ ಜಾಗ ಈಗ ಪೋಲೆಂಡ್‌ನ ಝಗಾನ್‌ನಲ್ಲಿದೆ. ‘ಹ್ಯಾರಿ’ ಎಂಬ ಆ ಸುರಂಗ 100 ಮೀಟರ್‌ಗಿಂತ ಉದ್ದವಿತ್ತು. ಮಣ್ಣು ಸಡಿಲ ಮರಳಾಗಿದ್ದರಿಂದ ಕುಸಿಯದಂತೆ ಮಂಚದ ಹಲಗೆಗಳನ್ನು ಕಿತ್ತು ಒಳಗೆ ಕೊಟ್ಟಿದ್ದರು. ಅಗೆದ ಮರಳನ್ನು ಪ್ಯಾಂಟಿನೊಳಗೆ ಚೀಲ ಕಟ್ಟಿಕೊಂಡು ಒಯ್ದು, ಅಂಗಳದಲ್ಲಿ ಸುಮ್ನೆ ಅಡ್ಡಾಡುತ್ತಾ ಸುರಿಯುತ್ತಿದ್ದರು! ಆದರೆ ಸುರಂಗದ ಬಾಯಿ ಕಾಡಿನ ಮರಗಳವರೆಗೆ ಹೋಗದೆ ಬಯಲಿನಲ್ಲೇ ತೆರೆದುಕೊಂಡಿತು. ಕಾವಲುಗಾರನ ಕಣ್ಣಿಗೆ ಬಿತ್ತು.

ಕೊನೆಗೂ ಪಾರಾದವರು ಮೂವರೇ: ಇಬ್ಬರು ನಾರ್ವೆಯವರು, ಒಬ್ಬ ಡಚ್ಚರವನು. ಸಿಕ್ಕಿಬಿದ್ದ 73 ಜನರಲ್ಲಿ 50 ಮಂದಿಯನ್ನು ಹಿಟ್ಲರನ ಆದೇಶದಂತೆ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಗುಂಡಿಟ್ಟು ಕೊಂದಿತು. ಯುದ್ಧದ ನಿಯಮದ ಪ್ರಕಾರ ಇದು ಕೊಲೆಯೇ.

1963ರ ಸಿನಿಮಾದಿಂದ ಜನರಿಗೆ ಜಾಸ್ತಿ ನೆನಪಿರುವುದು ಅಮೆರಿಕದ ನಾಯಕ ಬೈಕ್‌ನಲ್ಲಿ ಬೇಲಿ ಹಾರುವ ದೃಶ್ಯ. ತಮಾಷೆಯೆಂದರೆ, ಆ ರಾತ್ರಿ ಹೊರಬಂದವರಲ್ಲಿ ಅಮೆರಿಕದ ಪಡೆಯವರು ಯಾರೂ ಇರಲಿಲ್ಲ. ಸುರಂಗಕ್ಕೆ ಕೈಜೋಡಿಸಿದ್ದ ಅವರನ್ನು ಮೊದಲೇ ಬೇರೆ ಆವರಣಕ್ಕೆ ಸಾಗಿಸಲಾಗಿತ್ತು. ಸತ್ತ 50 ಮಂದಿಗೆ ಮೊದಲ ಸ್ಮಾರಕ ಕಟ್ಟಿದವರು ಶಿಬಿರದಲ್ಲೇ ಉಳಿದಿದ್ದ ಅವರ ಜೊತೆಗಾರರು. ಅದು ಝಗಾನ್‌ನಲ್ಲಿ ಇಂದಿಗೂ ಇದೆ.