ಬ್ಯಾಕಪ್ ಹೊತ್ತಿಗೆ ಮಾತ್ರ ನೆಟ್‌ವರ್ಕ್ ನಿಲ್ಲುವುದೇಕೆ?

ಪ್ರಶ್ನೆ: ಡೊಂಬಿವಲಿಯಲ್ಲಿ ಲೆಕ್ಕಪತ್ರದ ಸಣ್ಣ ಕಚೇರಿ ನಡೆಸುತ್ತೇನೆ. ಕಂಪ್ಯೂಟರಿನಲ್ಲಿ ಲಿನಕ್ಸ್ ಬಳಗದ ಡೆಬಿಯನ್ 11 ಇದ್ದಾಗ ತೊಂದರೆ ಇರಲಿಲ್ಲ. 12ಕ್ಕೆ ಏರಿಸಿದ ಮೇಲೆ ಬ್ಯಾಕಪ್ ಶುರುವಾದ ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ನಿಂತುಹೋಗುತ್ತದೆ. ಮೇಲ್ ನೋಡುವಾಗ ಏನೂ ಆಗುವುದಿಲ್ಲ. ನೋಡಲು ಬಂದವರು ಮಳೆಗಾಲದ ತೇವವೆಂದು ಕೇಬಲ್ ಬದಲಿಸಿದರು, ಸ್ವಿಚ್ಚನ್ನೂ ಬದಲಿಸಿದರು. ಲಾಗ್‌ನಲ್ಲಿ ‘ನೆಟ್‌ಡೆವ್ ವಾಚ್‌ಡಾಗ್, ಆರ್8169, ಟ್ರಾನ್ಸ್‌ಮಿಟ್ ಕ್ಯೂ 0 ಟೈಮ್ಡ್ ಔಟ್’ ಎಂದಿದೆ. ಚಿಪ್ ತಯಾರಕರದೇ ಆರ್8168 ಡ್ರೈವರ್ ಹಾಕಿಕೊಳ್ಳಿ ಎನ್ನುತ್ತಾರೆ. ಹಾಕಲೇ?

ಉತ್ತರ: ಈಗಲೇ ಬೇಡ. ನೀವು ಕಳಿಸಿದ ಆ ಒಂದು ಸಾಲಿನಲ್ಲೇ ಬಹಳಷ್ಟು ವಿಷಯವಿದೆ. ಆರ್8169 ಎಂದರೆ ಕರ್ನಲ್‌ನಲ್ಲೇ (ಡೆಬಿಯನ್‌ನ ತಿರುಳಿನಲ್ಲೇ) ಇರುವ, ರಿಯಲ್‌ಟೆಕ್ ನೆಟ್‌ವರ್ಕ್ ಕಾರ್ಡುಗಳನ್ನು ನಡೆಸುವ ಡ್ರೈವರ್. ಕರ್ನಲ್ ಕಾರ್ಡಿಗೆ ಪ್ಯಾಕೆಟ್ ಒಪ್ಪಿಸಿತು, ‘ಕಳಿಸಿದೆ’ ಎಂಬ ಉತ್ತರ ಕೆಲವು ಸೆಕೆಂಡು ಕಾದರೂ ಬರಲಿಲ್ಲ, ಕೊನೆಗೆ ಕಾರ್ಡನ್ನು ಮರುಚಾಲನೆ ಮಾಡಬೇಕಾಯಿತು ಎಂದು ಅದರ ಅರ್ಥ. ಕೇಬಲ್ ಕೆಟ್ಟಿದ್ದರೆ ಸಾಮಾನ್ಯವಾಗಿ ‘ಲಿಂಕ್ ಡೌನ್’ ಎಂಬ ಸಾಲು ಕಾಣುತ್ತಿತ್ತು. ಮಳೆಯನ್ನು ದೂರುವುದು ಬೇಡ.

ನನ್ನ ಮೊದಲ ಅನುಮಾನ ಎಎಸ್‌ಪಿಎಂ ಮೇಲೆ. ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕಕ್ಕೆ ಕೆಲಸವಿಲ್ಲದಾಗ ವಿದ್ಯುತ್ ಉಳಿಸಲು ಅದನ್ನು ನಿದ್ದೆಗೆ ದೂಡುವ ವ್ಯವಸ್ಥೆ ಅದು. ಬ್ಯಾಕಪ್ ನಡುವಿನ ಕ್ಷಣಕಾಲದ ಬಿಡುವಿನಲ್ಲೂ ಈ ನಿದ್ದೆ ಬರಬಹುದು. ಡೆಬಿಯನ್ 11ರ ಕರ್ನಲ್ 5.10, 12ರದ್ದು 6.1. ಈ ಎರಡರ ನಡುವೆ ರಿಯಲ್‌ಟೆಕ್‌ನ 8168ಎಚ್ ಮತ್ತು ಅದರ ನಂತರದ ಚಿಪ್‌ಗಳಿಗೆ ಆರ್8169 ಡ್ರೈವರ್ ಈ ನಿದ್ದೆಯ ಎಲ್1 ಹಂತವನ್ನು ಅನುಮತಿಸಿತು. ಬಹಳಷ್ಟು ಯಂತ್ರಗಳಲ್ಲಿ ಇದರಿಂದ ತೊಂದರೆಯಿಲ್ಲ; ಕೆಲವು ಮದರ್‌ಬೋರ್ಡ್‌ಗಳಲ್ಲಿ ಮಾತ್ರ ಕಾರ್ಡು ಸರಿಯಾಗಿ ಎಚ್ಚರಗೊಳ್ಳುವುದಿಲ್ಲ.

ಪರೀಕ್ಷೆ ಸುಲಭ. ‘ಸಿಸ್’ ಕಡತಕೋಶದಿಂದ ಕ್ಲಾಸ್, ನೆಟ್, ನಿಮ್ಮ ಕಾರ್ಡಿನ ಹೆಸರು, ಡಿವೈಸ್, ಲಿಂಕ್ ಎಂದು ಇಳಿಯುತ್ತ ಹೋದರೆ ಎಲ್1 ಎಎಸ್‌ಪಿಎಂ ಹೆಸರಿನ ಕಡತ ಸಿಗುತ್ತದೆ. ಅದರಲ್ಲಿ 1 ಇದ್ದರೆ ನಿದ್ದೆಗೆ ಅನುಮತಿಯಿದೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಅಲ್ಲಿ 0 ಬರೆದು, ಆ ರಾತ್ರಿಯೇ ಪೂರ್ತಿ ಬ್ಯಾಕಪ್ ಓಡಿಸಿ. ಬದಲಾವಣೆ ತಕ್ಷಣ ಜಾರಿಗೆ ಬರುತ್ತದೆ, ಯಂತ್ರ ಮತ್ತೆ ಶುರುವಾದರೆ ಅಳಿಸಿಹೋಗುತ್ತದೆ, ಆದ್ದರಿಂದ ಹೆದರಬೇಕಿಲ್ಲ. ಬ್ಯಾಕಪ್ ನಿಲ್ಲದೆ ಮುಗಿದರೆ ಇದೇ ಕೆಲಸವನ್ನು ಯಂತ್ರ ಶುರುವಾದಾಗಲೆಲ್ಲ ತಾನೇ ಓಡುವ ಸಣ್ಣ ಸಿಸ್ಟಮ್‌ಡಿ ಸೇವೆಯಾಗಿ ಬರೆದಿಡಿ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಬೂಟ್ ಸಾಲಿನಲ್ಲಿ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳ ಸಾಲು) ಪಿಸಿಐಇ ಎಎಸ್‌ಪಿಎಂ ‘ಆಫ್’ ಎಂದು ಬರೆದರೆ ನಿದ್ದೆ ರದ್ದಾಗುತ್ತದೆ ಎಂದು ತಿಳಿಯುತ್ತಾರೆ. ಅದರ ನಿಜವಾದ ಅರ್ಥ ‘ಕರ್ನಲ್ ಇದರಲ್ಲಿ ಕೈಹಾಕಬಾರದು’ ಎಂಬುದಷ್ಟೇ. ಮದರ್‌ಬೋರ್ಡಿನಲ್ಲೇ ಇರುವ ಆರಂಭದ ತಂತ್ರಾಂಶವಾದ ಬಯಾಸ್ ಮೊದಲೇ ನಿದ್ದೆಯನ್ನು ಚಾಲೂ ಮಾಡಿಟ್ಟಿದ್ದರೆ ಅದು ಹಾಗೇ ಉಳಿಯುತ್ತದೆ. ‘ಆಫ್ ಮಾಡಿ ನೋಡಿದೆ, ಪ್ರಯೋಜನವಿಲ್ಲ’ ಎಂದು ಎಷ್ಟೋ ಮಂದಿ ಸರಿಯಾದ ಅನುಮಾನವನ್ನೇ ಬಿಟ್ಟುಕೊಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ. ಅದರ ಬದಲು ಎಎಸ್‌ಪಿಎಂ ಪಾಲಿಸಿಯನ್ನು ‘ಪರ್ಫಾರ್ಮೆನ್ಸ್’ ಎಂದಿಟ್ಟರೆ ನಿದ್ದೆ ನಿಲ್ಲುತ್ತದೆ, ಆದರೆ ಯಂತ್ರದ ಎಲ್ಲ ಪಿಸಿಐ ಸಾಧನಗಳಿಗೂ. ಒಂದು ಕಾರ್ಡಿಗಾಗಿ ಅಷ್ಟು ಬೇಕಿಲ್ಲ.

ಇದರಿಂದ ಗುಣ ಕಾಣದಿದ್ದರೆ ಲಾಗ್‌ನಲ್ಲಿ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಸಣ್ಣ ತಂತ್ರಾಂಶ) ಸಿಗಲಿಲ್ಲವೆಂಬ ಸಾಲಿದೆಯೇ ನೋಡಿ. ಡೆಬಿಯನ್ 12ರಲ್ಲಿ ಫರ್ಮ್‌ವೇರ್‌ಗಳು ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಬೇರೆ ವಿಭಾಗಕ್ಕೆ ಹೋಗಿವೆ. 11ರಿಂದ ಏರಿಸಿದವರು ಆಕರಗಳ ಪಟ್ಟಿಗೆ ಆ ವಿಭಾಗ ಸೇರಿಸದಿದ್ದರೆ ಹಳೆಯ ಫರ್ಮ್‌ವೇರ್ ಉಳಿದುಬಿಡುತ್ತದೆ.

ಆರ್8168 ಬೇಡವೆಂದದ್ದು ಏಕೆಂದರೆ ಅದು ಕರ್ನಲ್‌ನ ಹೊರಗಿನದು. ಕರ್ನಲ್ ಬದಲಾದಾಗಲೆಲ್ಲ ಅದನ್ನು ಮತ್ತೆ ಕಟ್ಟಬೇಕು. ಜುಲೈ ಕೊನೆಯ ರಿಟರ್ನ್ಸ್ ಗಡಿಬಿಡಿಯಲ್ಲಿ ಒಂದು ಅಪ್‌ಡೇಟ್ ಬಂದು ಕಟ್ಟುವಿಕೆ ವಿಫಲವಾದರೆ ಕಚೇರಿಯಲ್ಲಿ ನೆಟ್‌ವರ್ಕೇ ಇರುವುದಿಲ್ಲ.

ದಯವಿಟ್ಟು ದೋಷವನ್ನು ಡೆಬಿಯನ್‌ನವರಿಗೆ ದೋಷ ತಿಳಿಸುವ ‘ರಿಪೋರ್ಟ್‌ಬಗ್’ ಎಂಬ ತಂತ್ರಾಂಶದ ಮೂಲಕ ವರದಿ ಮಾಡಿ. ನಿಮ್ಮ ಮದರ್‌ಬೋರ್ಡ್ ಡ್ರೈವರ್ ಬರೆಯುವವರ ಮೇಜಿನ ಮೇಲೆ ಇಲ್ಲ, ನಿಮ್ಮಲ್ಲಿದೆ. ಬರೀ ಕಾರ್ಡಿನ ಹೆಸರು ಕೊಟ್ಟರೆ ಸಾಲದು, ಏಕೆಂದರೆ 8168 ಎಂಬ ಒಂದೇ ಗುರುತಿನಡಿ ಹತ್ತಾರು ಆವೃತ್ತಿಯ ಚಿಪ್‌ಗಳಿವೆ. ಬೂಟ್ ಲಾಗ್‌ನಲ್ಲಿ ಆರ್8169 ಸಾಲಿನಲ್ಲಿರುವ ‘ಎಕ್ಸ್‌ಐಡಿ’ ಸಂಖ್ಯೆ ನಿಮ್ಮದು ಯಾವುದೆಂದು ಹೇಳುತ್ತದೆ. ಅದೇ ಸಾಲಿನಲ್ಲಿರುವ ಮ್ಯಾಕ್ ವಿಳಾಸವನ್ನು (ನಿಮ್ಮ ಕಾರ್ಡಿಗೇ ಮೀಸಲಾದ ಗುರುತು) ಅಳಿಸಿ ಕಳಿಸಿ. 5.10ರಲ್ಲಿ ಸರಿಯಿತ್ತು, 6.1ರಲ್ಲಿ ಕೆಟ್ಟಿತು, ಎಲ್1 ನಿಲ್ಲಿಸಿದಾಗ ಏನಾಯಿತು ಎಂಬುದನ್ನೂ ಬರೆಯಿರಿ. ತೀರಾ ತುರ್ತಿದ್ದರೆ ಒಂದು ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಹಾಕಿ ಕೆಲಸ ನಡೆಸಿ. ಆದರೆ ಬೋರ್ಡಿನ ಕಾರ್ಡನ್ನು ಬಯಾಸ್‌ನಲ್ಲಿ ಮುಚ್ಚಿಬಿಡಬೇಡಿ, ತಿದ್ದುಪಡಿ ಬಂದಾಗ ಪರೀಕ್ಷಿಸಲು ಅದೇ ಬೇಕು.