ಗ್ಯಾಸ್ಟ್ರಿಕ್ ಅಂತ ಕಾದ ಎರಡು ದಿನ

ಮೂಡಿಗೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ಅಪ್ಪನಿಗೆ 68 ವರ್ಷ. ಹೊಟ್ಟೆನೋವು ಅಂತ ಹಾಸನಕ್ಕೆ ಕರೆದುಕೊಂಡು ಹೋದೆವು. ಹುಣ್ಣು ಒಡೆದು ಕರುಳು ತೂತಾಗಿದೆ, ಬಿಪಿ ಬಿದ್ದಿದೆ ಅಂತ ಅದೇ ರಾತ್ರಿ ಆಪರೇಷನ್ ಮಾಡಿದರು. ಒಂಬತ್ತನೇ ದಿನ ತೀರಿಕೊಂಡರು. ತಾವೇ ನಡೆದು ಬಂದು ಕಾರು ಹತ್ತಿದ್ದರು. ಕುಯ್ಯದೇ ಇದ್ದಿದ್ದರೆ ಬದುಕುತ್ತಿದ್ದರಲ್ವಾ?'

ಇಲ್ಲ ತಂಗಿ. ಹೇಳೋಕೆ ಸಂಕಟ ಆಗುತ್ತೆ, ಆದರೂ ಹೇಳಬೇಕು. ಎಲ್ಲೋ ಕೆಲವರಲ್ಲಿ ಸಣ್ಣ ತೂತು ತಾನೇ ಮುಚ್ಚಿಕೊಳ್ಳುವುದುಂಟು. ನಿಮ್ಮ ತಂದೆಯ ಸ್ಥಿತಿಯಲ್ಲಿ ಅದನ್ನು ನಂಬಿ ಕೂರುವ ಹಾಗಿರಲಿಲ್ಲ. ಕರುಳಿನೊಳಗಿನದೆಲ್ಲ ಹೊಟ್ಟೆಗೆ ಸೋರಿ, ಕೀವಾಗಿ, ನಂಜು ರಕ್ತಕ್ಕೆ ಏರುತ್ತೆ. ಆಮೇಲೆ ಬಿಪಿ ಬೀಳುತ್ತೆ, ಮೂತ್ರ ನಿಲ್ಲುತ್ತೆ. ಡಾಕ್ಟರು ಏನನ್ನೂ ಬಿಡಿಸಿ ಹೇಳಲಿಲ್ಲ ಅಂದಿದ್ದೀರಿ, ಅದು ತಪ್ಪೇ, ಒಪ್ಪುತ್ತೇನೆ. ಆದರೆ ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲಿದೆ: 'ಸೋಮವಾರ ನೋವು ಶುರುವಾಯಿತು, ಗ್ಯಾಸ್ಟ್ರಿಕ್ ಇರಬೇಕು ಅಂತ ಬುಧವಾರದವರೆಗೆ ನೋಡಿದೆವು.' ಆ ಸಾಲನ್ನು ನಾನು ಮೂರು ಸಲ ಓದಿದೆ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಕಾಫಿ ಕುಯ್ಲಿನ ಸಮಯ, ದೊಡ್ಡಪ್ಪ ಮಂಡಿ ಮಡಚಿ ಮಲಗಿದ್ದರು. ಹೊದಿಕೆಯ ಅಂಚು ಹೊಟ್ಟೆಗೆ ತಾಗಿದರೂ ಬೇಡ ಅನ್ನೋರು. ಓಮಿನ ಕಷಾಯ ಆಯಿತು, ನಿಂಬೆ ಸೋಡಾ ಆಯಿತು. ಮಧ್ಯಾಹ್ನ ನೋವು ಕಮ್ಮಿಯಾಯಿತು ಅಂತ ಅರ್ಧ ಲೋಟ ಕಾಫಿ ಕುಡಿದರು, ನಮಗೆಲ್ಲ ಎಷ್ಟು ಸಮಾಧಾನ! ಹುಣ್ಣು ಒಡೆದಾಗ ನಡುವೆ ಕೆಲವು ಗಂಟೆ ನೋವು ಹೀಗೆ ಇಳಿಯುವುದುಂಟು, ಅದು ವಾಸಿಯಾದ ಲಕ್ಷಣ ಅಲ್ಲ ಅಂತ ನನಗೆ ಗೊತ್ತಾಗಿದ್ದು ವರ್ಷಗಳ ನಂತರ. ಸಂಜೆಗೆ ಹೊಟ್ಟೆ ಹಲಗೆ ಥರ ಬಿಗಿಯಿತು. ರಸ್ತೆಯಲ್ಲಿ ಆನೆ ಇದೆ, ಬೆಳಗಾಗಲಿ ಅಂದೆವು. ಆಪರೇಷನ್ ಆದ ಆರನೇ ದಿನ ಹೋದರು. ನಾವೂ ಡಾಕ್ಟರನ್ನೇ ಬೈದೆವು.

1987ರಲ್ಲಿ ಹಾಂಗ್‌ಕಾಂಗ್‌ನ ಸರ್ಜನ್ ಬೋಯ್ ಮತ್ತು ಸಂಗಡಿಗರು ಇಂಥ ಹುಣ್ಣು ಒಡೆದವರಲ್ಲಿ ಯಾರಿಗೆ ಅಪಾಯ ಜಾಸ್ತಿ ಅಂತ ಅಳೆಯಲು ಮೂರೇ ಪ್ರಶ್ನೆ ಇಟ್ಟರು. ಆಪರೇಷನ್‌ಗೆ ಮೊದಲೇ ಬಿಪಿ ಕುಸಿದಿತ್ತಾ, ಬೇರೆ ದೊಡ್ಡ ಕಾಯಿಲೆ ಇದೆಯಾ, ತೂತಾಗಿ 24 ಗಂಟೆ ದಾಟಿದೆಯಾ? ಬಿಪಿ ಬಿದ್ದಿತ್ತು, ಹಳೇ ಸಕ್ಕರೆ ಕಾಯಿಲೆ ಇತ್ತು, ಎರಡು ದಿನ ಕಳೆದಿತ್ತು ಅಂತ ನೀವೇ ಬರೆದಿದ್ದೀರಿ. ಮೇಲೆ ವಯಸ್ಸು ಬೇರೆ. 2013ರಲ್ಲಿ ಡೆನ್ಮಾರ್ಕಿನ ಡಾಕ್ಟರುಗಳು ಹೀಗೇ ಹುಣ್ಣು ಒಡೆದ 2,668 ರೋಗಿಗಳ ಲೆಕ್ಕ ನೋಡಿದರು. ಆಸ್ಪತ್ರೆ ಸೇರಿದ ಮೇಲೂ ಆಪರೇಷನ್ ತಡವಾದ ಒಂದೊಂದು ಗಂಟೆಗೆ ಬದುಕುವ ಸಾಧ್ಯತೆ 2.4 ಶೇಕಡಾ ಇಳಿದಿತ್ತು. ಗಂಟೆಗೆ, ತಂಗಿ! ನಾವು ದಿನಗಳ ಲೆಕ್ಕದಲ್ಲಿ ಕಾಯುತ್ತೇವೆ. ದೊಡ್ಡ ಕರುಳು ತೂತಾಗಿ ಮಲ ಸೋರಿದ್ದರೆ ಅಪಾಯ ಇನ್ನೂ ಜಾಸ್ತಿ. ಸ್ಟೀರಾಯ್ಡ್ ತಗೊಳ್ಳೋರಿಗೆ ನೋವೇ ಸರಿಯಾಗಿ ಗೊತ್ತಾಗದೆ ಇರಬಹುದು.

ಗ್ಯಾಸ್ಟ್ರಿಕ್ ಅನ್ನೋ ಒಂದು ಮಾತು ನಮ್ಮ ಜಿಲ್ಲೆಗಳಲ್ಲಿ ಎಲ್ಲ ನೋವನ್ನೂ ಮುಚ್ಚಿಹಾಕುತ್ತಿದೆ. ಎದೆ ನೋವಿಗೂ ಅದೇ, ಹೊಟ್ಟೆ ನೋವಿಗೂ ಅದೇ. ಹಾಗಂತ ತಪ್ಪೆಲ್ಲ ಮನೆಯವರದ್ದಲ್ಲ. ಚೀಟಿ ಇಲ್ಲದೆ ಮಂಡಿನೋವಿನ ಮಾತ್ರೆ ಎಣಿಸಿ ಕೊಡುವ ಅಂಗಡಿಗಳಿವೆ, ಆ ಮಾತ್ರೆಗಳೇ ಎಷ್ಟೋ ಜನರ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ತಾಲ್ಲೂಕಿನಲ್ಲಿ ಆಸ್ಪತ್ರೆ ಕಟ್ಟಿದರೆ ಸಾಲದು, ರಾತ್ರಿ ಹನ್ನೊಂದಕ್ಕೆ ಅರಿವಳಿಕೆ ಕೊಡುವ ಡಾಕ್ಟರು ಅಲ್ಲಿ ಇರಬೇಕು. ಮಲೆನಾಡಿನ ರೋಗಿ ಘಟ್ಟದ ತಿರುವು, ಮಳೆ, ಆನೆ ಎಲ್ಲ ದಾಟಿ ಊರೂರು ಅಲೆಯಬೇಕಾ? ಇದನ್ನು ಯಾವ ಚುನಾವಣೆಯಲ್ಲೂ ಯಾರೂ ಕೇಳುವುದಿಲ್ಲ ಅನ್ನೋದು ನನ್ನ ಸಿಟ್ಟು.

ನೀವು ತಂದೆಯನ್ನು ಕೊಲ್ಲಲಿಲ್ಲ, ಆಪರೇಷನ್‌ಗೆ ಸಹಿ ಹಾಕಿದ್ದು ಸರಿಯಾಗಿತ್ತು. ಅದೊಂದೇ ದಾರಿ ಉಳಿದಿತ್ತು. ಇನ್ನೊಂದು ವಿಷಯ. ಅಮ್ಮನೂ ಅಪ್ಪನ ಮಂಡಿನೋವಿನ ಮಾತ್ರೆಯನ್ನೇ ತಗೊಳ್ತಿದ್ದಾರೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಆ ಮಾತ್ರೆ ಹಾಳೆಯನ್ನು ನಾಳೆ ಬೆಳಗ್ಗೆಯೇ ಡಾಕ್ಟರಿಗೆ ತೋರಿಸಿ.